ಸೌಟು ಬಡಿದ ಮೇಲೆ

ಮಿಲಿಟರಿ ತಾತನಿಗೆ ಅಡುಗೆ ಬರುವುದಿಲ್ಲ. ಬರುವುದಿಲ್ಲ ಎಂದರೆ ಸುಮ್ಮನೆ ಬಾಯಿಮಾತಿಗಲ್ಲ. ಹಾಲು ಕಾಯಿಸಲು ಇಟ್ಟರೆ ಹಾಲೂ ಹೋಗುತ್ತದೆ, ಪಾತ್ರೆಯೂ ಹೋಗುತ್ತದೆ, ಅವತ್ತಿನ ಮಟ್ಟಿಗೆ ಮನೆಯ ನೆಮ್ಮದಿಯೂ ಹೋಗುತ್ತದೆ. ಅಂಥ ಮನುಷ್ಯನಿಗೆ ಒಂದು ಬೆಳಿಗ್ಗೆ ಫೋನು ಬಂತು. ಮಾಜಿ ಸೈನಿಕರ ಸಂಘದ ಕಾರ್ಯದರ್ಶಿ ಆ ಕಡೆಯಿಂದ ಕಿವಿ ಕಿತ್ತುಹೋಗುವಂತೆ ಕೂಗುತ್ತಿದ್ದ.

“ಬರೋ ತಿಂಗಳು ನಮ್ಮ ಹಳೇ ಪಡೆಯವರೆಲ್ಲ ಸೇರ್ತಿದ್ದೀವಿ ಸಾರ್. ಅಡುಗೆ ಉಸ್ತುವಾರಿ ನಿಮ್ಮದೇ. ದಾಖಲೆ ತೆಗೆದು ನೋಡಿದ್ವಿ, ಅಡುಗೆಯವರಲ್ಲಿ ಈಗ ನೀವೇ ಹಿರಿಯರು!”

“ನಾನು ಅಡುಗೆಯವನಲ್ಲಪ್ಪ. ಬ್ಯೂಗಲ್ ಊದ್ತಿದ್ದವನು.”

“ದಾಖಲೇಲಿ ಹಂಗಿಲ್ವಲ್ಲ ಸಾರ್? ಬ್ಯೂಗಲ್ಲಿಗೆ ಬೇರೆಯವರಿದ್ದಾರೆ, ಅವರಿಗೂ ಹೇಳಿಯಾಯ್ತು. ದಾಖಲೇಲಿ ಇದ್ದವರಿಗೇ ಆ ಗೌರವ ಅಂತ ತೀರ್ಮಾನ ಆಗಿದೆ. ನೀವು ತಿದ್ದಿಸ್ಕೊಂಡು ಬಂದ್ರೆ ನಮ್ಮದೇನೂ ತಕರಾರಿಲ್ಲ.”

ತಾತ ಫೋನು ಕೆಳಗಿಟ್ಟು ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

“ಹೋಗಿ ಬನ್ನಿ. ಅಷ್ಟೂ ಜನರ ಹೊಟ್ಟೆ ಒಂದೇ ದಿನ ಕೆಡಿಸಿದ ಕೀರ್ತಿ ನಿಮಗೇ ಬರ್ಲಿ.”

ಈ ನಗು ಇವತ್ತಿನದಲ್ಲ. ತಾತ ಸೈನ್ಯ ಬಿಟ್ಟು ಬಂದ ಮೇಲೆ ಆದ ಮದುವೆ ಅದು. ಹೊಸ ಹೆಂಡತಿಯ ಮುಂದೆ ಯಾವ ಗಂಡ ತಾನೇ ಜಂಬ ಕೊಚ್ಚಿಕೊಳ್ಳುವುದಿಲ್ಲ? ಇಡೀ ಶಿಬಿರ ತನ್ನ ಬ್ಯೂಗಲ್ಲಿಗೆ ಏಳುತ್ತಿತ್ತು, ಉಣ್ಣುತ್ತಿತ್ತು, ಮಲಗುತ್ತಿತ್ತು ಎಂದೆಲ್ಲ ಹೇಳಿದ್ದ. ಮುಂದೊಂದು ದಿನ ಟ್ರಂಕು ಝಾಡಿಸುವಾಗ ಸೈನ್ಯದ ಬಿಡುಗಡೆಯ ಕಾಗದ ಅವಳ ಕೈಗೆ ಸಿಕ್ಕಿತು. ಕೆಲಸ: ಅಡುಗೆ. ತಾತ ನಡೆದದ್ದನ್ನೆಲ್ಲ ವಿವರಿಸಿದ. “ಆಯ್ತು ಬಿಡಿ,” ಎಂದು ನಕ್ಕು ಅವಳು ಟ್ರಂಕು ಮುಚ್ಚಿದಳು. ಅಂದಿನಿಂದ ಚಹಾ ಒಡೆದರೆ, ಅನ್ನ ಸೀದರೆ, “ಸೈನ್ಯದಲ್ಲಿ ಇದನ್ನೇ ಕಲಿಸಿದ್ದಾ ರೀ?” ಎಂಬ ಮಾತು ತಪ್ಪಿದ್ದಿಲ್ಲ. ತಾತನೂ ಜೊತೆಗೆ ನಗುತ್ತಿದ್ದ. ಆದರೆ ಆ “ಆಯ್ತು ಬಿಡಿ” ಇತ್ತಲ್ಲ, ಅದು ಅವನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತ್ತು. ಊರು ನಂಬದಿದ್ದರೆ ಕತ್ತೆಬಾಲ! ಕಟ್ಟಿಕೊಂಡವಳು ನಂಬದಿದ್ದರೆ?

ಊದಿ ತೋರಿಸೋಣವೆಂದು ಹಳೇ ಸಾಮಾನಿನ ಅಂಗಡಿಯಿಂದ ಒಂದು ಬ್ಯೂಗಲ್ ಕೂಡ ತಂದಿದ್ದ. ಅಷ್ಟರಲ್ಲಾಗಲೇ ಕಟ್ಟಿಸಿದ ಹಲ್ಲು ಬಂದಿತ್ತು. ಮಹಡಿ ಮೇಲೆ ನಿಂತು ಊದಿದರೆ ಹಸಿದ ಕರುವಿನ ಕೂಗು ಬಂತು. ಪಕ್ಕದ ಮನೆಯವಳು, “ಯಾರಿಗೆ ಏನಾಯ್ತು?” ಎಂದು ಓಡಿಬಂದಳು. ಆಮೇಲೆ ಆ ಬ್ಯೂಗಲ್ಲು ಅಟ್ಟ ಸೇರಿತು.

ಅಸಲು ನಡೆದದ್ದು ಇಷ್ಟೇ. ಶಿಬಿರದಲ್ಲಿ ಊಟದ ಕರೆ ಊದುವುದು ಅಡುಗೆಕೋಣೆಯ ಬಾಗಿಲಿಂದ. ಒಳಗೆ ಅಡುಗೆಯವನು ಎಲ್ಲ ಬೆಂದ ಮೇಲೆ ಹಂಡೆಯ ಮುಚ್ಚಳಕ್ಕೆ ಸೌಟಿನಿಂದ ಬಡಿಯಬೇಕು. ಸೌಟು ಬಡಿದ ಮೇಲೆಯೇ ಬ್ಯೂಗಲ್. ಆ ಅಡುಗೆಯವನಿಗೆ ಸೌಟು ಎಂದೇ ಹೆಸರು ಬಿದ್ದಿತ್ತು. ಹುಟ್ಟಾ ಹಸಿವಿನ ತಾತ, ಅಂದರೆ ಆಗಿನ ಹುಡುಗ, ರುಚಿ ನೋಡುವ ನೆಪದಲ್ಲಿ ದಿನಾ ಸೌಟು ಹಿಡಿದು ಹಂಡೆಗೆ ಮುಖವಿಡುತ್ತಿದ್ದ; ಅಷ್ಟು ಹೊತ್ತು ಬ್ಯೂಗಲ್ ಆ ಅಡುಗೆಯವನ ಕೈಯಲ್ಲಿ. ಹಾಗಿರುವಾಗಲೇ ಒಂದು ದಿನ ದಾಖಲೆಯ ಗುಮಾಸ್ತ ಒಳಗೆ ಬಂದ. ಯಾರ ಕೈಯಲ್ಲಿ ಏನಿದೆಯೋ ಅದೇ ಅವರ ಕೆಲಸವೆಂದು ಬರೆದುಕೊಂಡು ಹೋದ. ತಪ್ಪು ತೋರಿಸಿದವರಿಗೆ ಮಳೆಯಲ್ಲಿ ಪಹರೆ ಹಾಕಿಸುವ ಆಸಾಮಿ ಅವನು. ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು, ಅವನು ಹೋದ ಮೇಲೆ ಬಿದ್ದು ಬಿದ್ದು ನಕ್ಕರು.

ಈಗ ನಗು ಬರಲಿಲ್ಲ. ತಾತ ಬಸ್ಸು ಹತ್ತಿ ಸೌಟಿನ ಊರಿಗೆ ಹೋದ.

ಹೋಗಿ ನೋಡಿದರೆ ಅಲ್ಲಿಯ ಕಥೆ ಇನ್ನೂ ಚೆನ್ನಾಗಿತ್ತು! ಬೀದಿಯವರೆಲ್ಲ ಸೌಟಿಗೆ ಬ್ಯೂಗಲ್ ಅಜ್ಜ ಎನ್ನುತ್ತಿದ್ದರು. ನಡುಮನೆಯ ಗೋಡೆಯ ಮೇಲೆ ಫಳಫಳ ಹೊಳೆಯುವ ಬ್ಯೂಗಲ್. ಅದನ್ನು ಒರೆಸುವ ಸರದಿಗಾಗಿ ಮೊಮ್ಮಕ್ಕಳಲ್ಲಿ ಜಗಳ.

ಮಕ್ಕಳು ಆಚೆ ಹೋದದ್ದೇ ತಡ, ಸೌಟು ತಾತನ ಕೈ ಹಿಡಿದುಕೊಂಡ. “ದೇವರ ಹಾಗೆ ಬಂದೆ ಕಣೋ! ಆ ಕಾರ್ಯದರ್ಶಿ ನನಗೆ ಊದು ಅಂತಾನೆ. ಇಷ್ಟು ವರ್ಷ ಹಲ್ಲುನೋವು ಅಂತ ತಳ್ಕೊಂಡು ಬಂದೆ. ಈಗ ಹಲ್ಲೇ ಇಲ್ಲ, ನೋವು ಎಲ್ಲಿಂದ ತರ್ಲಿ?”

“ಹಂಗಾದ್ರೆ ಬಾ, ಇಬ್ಬರದೂ ತಿದ್ದಿಸೋಣ.”

ಸೌಟು ಗೋಡೆಯತ್ತ ನೋಡಿದ. “ಮೊಮ್ಮಕ್ಕಳಿಗೆ ಏನಂತ ಹೇಳ್ಲಿ?”

“ಅಡುಗೆಮನೆಗೆ ಹೋಗಿ ಏನಾದ್ರೂ ಮಾಡಿ ಬಡಿಸು. ಆಮೇಲೆ ಹೇಳು.”

“ಸೊಸೆ ಆ ಕಡೆ ಕಾಲಿಡೋಕೂ ಬಿಡಲ್ಲ ಕಣೋ. ಬ್ಯೂಗಲ್ ಊದೋರಿಗೆ ಒಲೆ ಹತ್ರ ಏನು ಕೆಲಸ ಅಂತಾಳೆ,” ಎಂದ ಸೌಟು. ಅವನ ದನಿ ಸಣ್ಣಗಾಗಿತ್ತು. ತಾತ ದಾಖಲೆ ಕಚೇರಿಗೆ ಹೋಗುವ ದಿನ ಹೇಳಿದರೆ ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ.

ದಾಖಲೆ ಕಚೇರಿಗೆ ಹೊರಟ ದಿನ ಅಜ್ಜಿಯೂ ಚಪ್ಪಲಿ ಮೆಟ್ಟಿಕೊಂಡಳು. “ನೀವು ಅಲ್ಲಿ ಏನು ಹೇಳ್ತೀರೋ ನಾನೂ ಕೇಳ್ಬೇಕು,” ಎಂದಳು. ತಾತ ಅಟ್ಟದಿಂದ ಬ್ಯೂಗಲ್ ಇಳಿಸಿ ಚೀಲಕ್ಕೆ ಹಾಕಿಕೊಂಡ. ಯಾಕೆ ಹಾಕಿಕೊಂಡನೋ ಅವನಿಗೇ ಗೊತ್ತಿರಲಿಲ್ಲ.

ಕಚೇರಿಯ ಮೆಟ್ಟಿಲ ಮೇಲೆ ಸೌಟು ಕೂತಿದ್ದ! ಮುಖ ಊರಗಲವಾಗಿತ್ತು.

“ಹೇಳ್ಬಿಟ್ಟೆ ಕಣೋ ಮಕ್ಕಳಿಗೆ. ಅಳ್ತಾವೆ ಅನ್ಕೊಂಡಿದ್ದೆ. ಹಂಗಾದ್ರೆ ನಾಳೆಯಿಂದ ತಿಂಡಿ ನೀನೇ ಮಾಡು ಅಜ್ಜ ಅಂದ್ವು!”

ಒಳಗೆ ಉದ್ದನೆಯ ಪಡಸಾಲೆ, ಗೋಡೆಗುಂಟ ಬೆಂಚು, ಬೆಂಚಿನ ತುಂಬ ತೂಕಡಿಸುವ ಮುದುಕರು. ಎಲ್ಲರೂ ಒಂದು ಕಾಲದ ಸಿಪಾಯಿಗಳೇ. ತಿದ್ದುಪಡಿ ಕಿಟಕಿಯ ಹಿಂದಿದ್ದ ಹುಡುಗಿ ಮುದ್ದು ಮುಖದವಳು, ಆದರೆ ಕೆಲಸದಲ್ಲಿ ಖಡಕ್ಕು.

“ಸಾಕ್ಷಿ ಯಾರು ತಾತ?”

“ನನಗೆ ಇವನು. ಇವನಿಗೆ ನಾನು.”

“ಇಬ್ಬರೂ ಅರ್ಜಿ ಹಾಕಿದ್ದೀರಲ್ಲ, ಒಬ್ಬರಿಗೊಬ್ಬರು ಸಾಕ್ಷಿ ಆಗೋಕಾಗಲ್ಲ. ಅದೇ ಶಿಬಿರದಲ್ಲಿದ್ದ ಇನ್ನೊಬ್ಬರು ಬೇಕು.”

ಇನ್ನೊಬ್ಬರನ್ನು ಎಲ್ಲಿಂದ ತರುವುದು? ಪಡೆ ದೊಡ್ಡದು; ತಮ್ಮ ಶಿಬಿರದವರು ಯಾರು ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ. ತಾತ ಅರ್ಜಿಯನ್ನು ಮಡಿಸಲು ಶುರುಮಾಡಿದ. ಆಗ ಹಿಂದಿನಿಂದ ಅಜ್ಜಿಯ ದನಿ ಕೇಳಿಸಿತು.

“ಊದಿಸಿಯಾದ್ರೂ ನೋಡಮ್ಮ ಒಂದ್ಸಲ.”

ತಮಾಷೆಗೆ ಹೇಳಿದಳೋ ನಿಜವಾಗಿ ಹೇಳಿದಳೋ ತಾತನಿಗೆ ತಿಳಿಯಲಿಲ್ಲ. ಹುಡುಗಿ ಅತ್ತಿತ್ತ ನೋಡಿ ಭುಜ ಕುಣಿಸಿದಳು. ತಾತ ಚೀಲದಿಂದ ಬ್ಯೂಗಲ್ ತೆಗೆದು ತುಟಿಗಿಟ್ಟ. ಕರು ಕೂಗಿತು. ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಇನ್ನೊಮ್ಮೆ ಊದಿದ. ಈ ಸಲ ಕರುವಿಗೂ ಗಂಟಲು ಕಟ್ಟಿತ್ತು. ತಾತ ಹೆಂಡತಿಯ ಕಡೆ ನೋಡಿದ. ಅವಳು ನಗುತ್ತಿರಲಿಲ್ಲ, ತಲೆ ತಗ್ಗಿಸಿ ನೆಲ ನೋಡುತ್ತಿದ್ದಳು. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವನಿಗೆ.

“ಲೋ!” ಎಂದು ಸೌಟು ಗದರಿದ. “ನಾನು ಬಡಿಯೋ ಮುಂಚೆ ಯಾವತ್ತಾದ್ರೂ ಊದಿದ್ದೀಯೇನೋ? ಬೇಯದೆ ಇರೋ ಊಟಕ್ಕೆ ಯಾರನ್ನ ಕರೀತಿದ್ದೀಯ?”

ಪಡಸಾಲೆಯ ಮೂಲೆಯಲ್ಲಿ ಚಹಾ ಮಾರುವವಳ ದೊಡ್ಡ ಪಾತ್ರೆಯಿತ್ತು. ಸೌಟು ಅವಳನ್ನೊಂದು ಮಾತೂ ಕೇಳದೆ ಮುಚ್ಚಳ ಎತ್ತಿಕೊಂಡ, ಅವಳ ಕೈಯಲ್ಲಿದ್ದ ಸೌಟನ್ನೇ ಕಸಿದುಕೊಂಡ. ಢಣ್. ಢಣ್. ಢಢಣ್.

ತಾತನ ಹಿಮ್ಮಡಿಗಳು ತಾವಾಗಿ ಕೂಡಿಕೊಂಡವು. ಹೊಟ್ಟೆ ಒಳಕ್ಕೆ ಹೋಯಿತು, ಎದೆ ತುಂಬಿಕೊಂಡಿತು. ಉಸಿರು ಎಲ್ಲಿಂದ ಏಳಬೇಕೋ ಅಲ್ಲಿಂದ ಎದ್ದಿತು. ಆಹಾ, ಏನು ಬಂತು ಅಂತೀರಿ! ಕಿಟಕಿಯ ಗಾಜು ಝುಂ ಅಂದಿತು. ಒಂದು ಸ್ವರವೂ ಜಾರಲಿಲ್ಲ, ಒಂದೂ ಮುರಿಯಲಿಲ್ಲ. ಕೊನೆಗೊಂದು ಉದ್ದನೆಯ ಎಳೆತವಿತ್ತು, ಅದನ್ನೂ ಪೂರ್ತಿ ಎಳೆದು ನಿಲ್ಲಿಸಿದ.

ಕಣ್ಣು ತೆರೆದರೆ ಬೆಂಚು ಖಾಲಿ! ಮುದುಕರೆಲ್ಲ ಎದ್ದು, ಕೈಗೆ ಸಿಕ್ಕ ಲೋಟ ಡಬ್ಬಿ ಹಿಡಿದು, ಒಬ್ಬರ ಹಿಂದೊಬ್ಬರು ಚಹಾದ ಪಾತ್ರೆಯ ಮುಂದೆ ಸಾಲಾಗಿ ನಿಂತಿದ್ದರು. ಒಳಕೋಣೆಯಿಂದ ಆ ವಿಭಾಗದ ಅಧಿಕಾರಿಯೇ ತನ್ನ ಲೋಟ ಹಿಡಿದು ಹೊರಗೆ ಬಂದು, ಯಾಕೆ ಬಂದೆನೆಂದು ತಿಳಿಯದೆ ನಿಂತಿದ್ದ. ಸಾಲಿನ ಮೊದಲಿಗ ಅದುವರೆಗೆ ಊರುಗೋಲಿಲ್ಲದೆ ಅಲುಗಾಡದಿದ್ದವನು. ಕೋಲು ಬೆಂಚಿನ ಹತ್ತಿರವೇ ಬಿದ್ದಿತ್ತು.

“ಆ ಕೊನೇ ಎಳೆತ ನಮ್ಮ ಶಿಬಿರದ್ದು!” ಎಂದು ಅವನು ಕೂಗಿದ. “ಬೇರೆ ಯಾರೂ ಹಂಗೆ ಎಳೀತಿರ್ಲಿಲ್ಲ. ಲೋ ಸೌಟು, ನೀನೇನೋ? ಇವತ್ತೂ ಉಪ್ಪು ಜಾಸ್ತೀನಾ?”

“ನಿನ್ನ ನಾಲಿಗೇಲೇ ಉಪ್ಪು ಜಾಸ್ತಿ!” ಎಂದ ಸೌಟು, ಅವನನ್ನು ತಬ್ಬಿಕೊಂಡು.

ಅಧಿಕಾರಿ ಗಂಟಲು ಸರಿಮಾಡಿಕೊಂಡ. “ಸಾಕ್ಷಿ ಸಿಕ್ಕಿತಲ್ಲಮ್ಮ, ಸಹಿ ಹಾಕಿಸ್ಕೋ. ಇಬ್ಬರದೂ ತಿದ್ದು,” ಎಂದವನೇ ಲೋಟ ಹಿಡಿದು ಸಾಲಿನ ಕೊನೆಯಲ್ಲಿ ನಿಂತ. ಎದ್ದು ಬಂದಾಗಿತ್ತು, ಇನ್ನು ಖಾಲಿ ಲೋಟದಲ್ಲಿ ಹೋಗುವುದು ಹೇಗೆ?

ಕೆಲಸ ಮುಗಿಸಿ ಹೊರಗೆ ಬಂದಾಗ ಮೆಟ್ಟಿಲ ಮೇಲೆ ಒಳ್ಳೆಯ ಬಿಸಿಲಿತ್ತು. ಸೌಟು ಬಸ್ಸಿಗೆ ಓಡಿದ. ಮಕ್ಕಳಿಗೆ ಸಂಜೆ ಏನೋ ಮಾಡಿಕೊಡಬೇಕಂತೆ. ಅಜ್ಜಿ ಬ್ಯೂಗಲ್ಲಿನ ಚೀಲವನ್ನು ತಾನೇ ಹಿಡಿದುಕೊಂಡಿದ್ದಳು. ಅರ್ಧ ಬೀದಿ ಕಳೆದ ಮೇಲೆ ನಿಂತಳು.

“ನಾನು ನಂಬಿರ್ಲಿಲ್ಲ ರೀ.”

“ಗೊತ್ತಿತ್ತು ಕಣೇ.”

“ಗೊತ್ತಿದ್ದೂ ಇಷ್ಟು ವರ್ಷ ಸುಮ್ಮನಿದ್ರಾ? ಒಂದು ದಿನ ಜಗಳಾನಾದ್ರೂ ಆಡಬಾರದಿತ್ತಾ?”

“ನೀನು ಅಷ್ಟು ಚೆನ್ನಾಗಿ ನಗ್ತಿದ್ದೆಯಲ್ಲ,” ಎಂದ ತಾತ. “ಅದನ್ನ ಯಾಕೆ ಕೆಡಿಸ್ಲಿ?”

ಅಜ್ಜಿಯ ಕಣ್ಣು ತುಂಬಿ ಬಂತು. ಬೀದಿಯಲ್ಲಿ ಅಳುವ ಹೆಂಗಸಲ್ಲ ಅವಳು. ಮೂಗು ಒರೆಸಿಕೊಂಡು, ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿ, ಅವನ ತೋಳು ಹಿಡಿದು ನಡೆದಳು. ಮನೆಗೆ ಬಂದವಳೇ ಚೀಲವನ್ನು ಬಾಗಿಲ ಬಳಿ ಇಟ್ಟು ಒಲೆ ಹಚ್ಚಿದಳು. ಬೇಯುವಷ್ಟು ಹೊತ್ತೂ ತಾತ ಬಾಗಿಲಲ್ಲಿ ಕೂತು ಚಪ್ಪಲಿಯ ಬಾರು ಸರಿಮಾಡುತ್ತಿದ್ದ.

ಒಳಗಿನಿಂದ ಮುಚ್ಚಳದ ಮೇಲೆ ಸೌಟು ಬಡಿದ ಸದ್ದು ಕೇಳಿಸಿತು. ಢಣ್. ಢಣ್. ಢಢಣ್. ತಾತ ಬ್ಯೂಗಲ್ ಎತ್ತಿಕೊಂಡ.