ಮುಖ ತೋರಿಸಿ

ಬೇ ಉನ್‌ಜು ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಮಾಡಿದ ಒಂದು ತಪ್ಪಿಗೆ ಜಗತ್ತು ಅವಳಿಗೆ ಪ್ರಶಸ್ತಿ ಕೊಟ್ಟಿತು. ಅದೇ ತಪ್ಪನ್ನು ಐವತ್ತೊಂದನೆಯ ವಯಸ್ಸಿನಲ್ಲಿ ಮತ್ತೆ ಮಾಡಿದಾಗ ಶಿಕ್ಷೆಯಾದದ್ದು ಅವಳಿಗಲ್ಲ, ಮಂಗಳೂರಿನ ಒಬ್ಬ ಹೆಂಗಸಿಗೆ.

ಮೊದಲನೆಯದನ್ನು ಮೊದಲು ಹೇಳಿಬಿಡುತ್ತೇನೆ. ಕೊರಿಯಾದ ಇಂಚಾನ್‌ನಲ್ಲಿ, ಯಾರಿಂದಲೋ ಕೇಳಿ ತಂದ ಕ್ಯಾಮೆರಾದಲ್ಲಿ, ಉನ್‌ಜು ತನ್ನ ಮೊದಲ ಸಿನಿಮಾ ತೆಗೆಯುತ್ತಿದ್ದಳು. ಕಥೆಯಲ್ಲಿ ಒಬ್ಬ ತಂದೆ ಸಾಯುತ್ತಾನೆ. ಹೆಣವಾಗಿ ಮಲಗಿದ್ದವನು ಅವಳ ಸೋದರಮಾವ, ಟ್ಯಾಕ್ಸಿ ಓಡಿಸುವವನು. ಆ ಪುಣ್ಯಾತ್ಮನಿಗೆ ಸಾಯಲು ಬರಲಿಲ್ಲ. ರೆಪ್ಪೆ ಅದುರುತ್ತಿತ್ತು, ಹೊಟ್ಟೆ ಏರಿಳಿಯುತ್ತಿತ್ತು, ಮೂರನೆಯ ಸಲವಂತೂ ನಕ್ಕೇಬಿಟ್ಟ. ಕ್ಯಾಮೆರಾ ಮರುದಿನ ಬೆಳಿಗ್ಗೆ ವಾಪಸು ಹೋಗಬೇಕಿತ್ತು. ತಲೆ ಕೆಟ್ಟ ಉನ್‌ಜು ಅದನ್ನು ಬಾಗಿಲ ಕಡೆ ತಿರುಗಿಸಿ, ಅಲ್ಲಿ ಬಿಟ್ಟಿದ್ದ ಶೂ ಚಪ್ಪಲಿಗಳನ್ನು ಎರಡು ನಿಮಿಷ ಚಿತ್ರೀಕರಿಸಿ ಕೈತೊಳೆದುಕೊಂಡಳು.

ಆ ಎರಡು ನಿಮಿಷಕ್ಕೆ ವಿಮರ್ಶಕರು ಮರುಳಾದರು. ಸಾವಿನ ಮುಂದೆ ಕಣ್ಣು ತಗ್ಗಿಸುವ ಸಂಯಮ ಎಂದರು, ಘನತೆ ಎಂದರು, ಬಾಯಿಗೆ ಬಂದದ್ದೆಲ್ಲ ಬರೆದರು. ಮಾವ ನಕ್ಕ ಸಂಗತಿಯನ್ನು ಉನ್‌ಜು ಯಾರಿಗೂ ಹೇಳಲಿಲ್ಲ. ಹೇಳದೆ ಹೇಳದೆ ಕೊನೆಗೆ ಅವಳಿಗೂ ಅದು ಸಂಯಮವೇ ಎಂದು ಅನಿಸತೊಡಗಿತು. ಮುಂದಿನ ಎರಡು ಸಿನಿಮಾಗಳಲ್ಲೂ ಜನ ಸತ್ತರು. ಕ್ಯಾಮೆರಾ ಮಾತ್ರ ಕಾಲನ್ನೋ ಕಿಟಕಿಯನ್ನೋ ನೋಡುತ್ತಾ ನಿಂತಿತು.

ಎರಡನೆಯ ಸಿನಿಮಾ ಅವಳನ್ನು ಒಂದು ವರ್ಷದ ಫೆಲೋಶಿಪ್ಪಿಗೆಂದು ಸ್ಯಾನ್ ಫ್ರಾನ್ಸಿಸ್ಕೋಗೆ ಕರೆತಂದಿತು. ಮೂರನೆಯದು ಒಂಬತ್ತು ವರ್ಷ ತಿಂದು, ಒಂದೇ ವಾರ ಓಡಿ, ಮೂಲೆ ಸೇರಿತು. ಅಲ್ಲೇ ಉಳಿದು ಹಿಡಿದಿದ್ದ ಕಾಲೇಜಿನ ಪಾಠದ ಕೆಲಸವೂ ಹೋಯಿತು. ಹೊಟ್ಟೆಪಾಡಿಗೆ ಅಲ್ಲೇ ಹತ್ತಿರದ ನೆವಾರ್ಕ್, ಫ್ರೀಮಾಂಟ್ ಕಡೆಯ ಇಂಡಿಯನ್ ಮನೆಗಳ ಸೀಮಂತ, ನಾಮಕರಣ, ರಂಗಪ್ರವೇಶಗಳ ವಿಡಿಯೋ ಮಾಡಿದಳು. ಮಕ್ಕಳ ಬಾಯಲ್ಲಿ ವಿಡಿಯೋ ಆಂಟಿ ಆದಳು. ನಾಲ್ಕನೆಯ ಸಿನಿಮಾ ಯಾವಾಗ ಎಂದು ಕೇಳುವ ಒಂದು ನರಪಿಳ್ಳೆಯೂ ಉಳಿದಿರಲಿಲ್ಲ. ಹಾಗಿರುವಾಗ ಈ ವರ್ಷ ಬರ್ಕ್ಲಿಯ ಒಂದು ಫಿಲ್ಮ್ ಸೊಸೈಟಿಯವರು ಅವಳ ಮೂರೂ ಸಿನಿಮಾಗಳನ್ನು ತೋರಿಸುತ್ತೇವೆಂದು ಪತ್ರ ಬರೆದರು. ಅವರ ಕರಪತ್ರದಲ್ಲಿ ‘ಸತ್ತವರ ಮುಖವನ್ನು ಎಂದೂ ತೋರಿಸದ ನಿರ್ದೇಶಕಿ’ ಎಂದಿತ್ತು. ಉನ್‌ಜು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಳು.

ಅದೇ ವಾರ ಜಯರಾಮ ತೀರಿಕೊಂಡ. ನಲವತ್ತೆರಡು ವಯಸ್ಸು. ಫಾಸ್ಟರ್ ಸಿಟಿಯ ಆಫೀಸಿನಲ್ಲಿ ಮೀಟಿಂಗಿನಿಂದ ಎದ್ದವನು ಹಾಗೇ ಕುಸಿದಿದ್ದ. ಆರು ವರ್ಷದ ಹಿಂದೆ ಅವನ ಮಗಳು ಲಾಸ್ಯಾಳ ನಾಮಕರಣಕ್ಕೆ ವಿಡಿಯೋ ಮಾಡಿದ್ದು ಉನ್‌ಜುವೇ. ಹಾಗಾಗಿ ಅವನ ಹೆಂಡತಿ ಪ್ರಫುಲ್ಲಾಳ ತಮ್ಮ ಅಮಿತ್ ಅವಳಿಗೇ ಫೋನ್ ಮಾಡಿದ.

“ಲೈವ್ ಹೋಗ್ಬೇಕು,” ಎಂದ. “ಭಾವನ ಅಕ್ಕ ಮಂಗಳೂರಲ್ಲಿದ್ದಾರೆ. ತಾಯಿ ಇಲ್ಲದ ಭಾವನನ್ನ ಸಾಕಿದ್ದೇ ಅವ್ರು. ವೀಸಾ ಅಪಾಯಿಂಟ್‌ಮೆಂಟು ಸಿಕ್ಕಿರೋದು ಮುಂದಿನ ವರ್ಷಕ್ಕೆ. ಅವ್ರಿಗೋಸ್ಕರಾನೇ ಇದು.”

ಮುಖ ತೋರಿಸಬೇಕು ಎಂದು ಅವನು ಹೇಳಲಿಲ್ಲ. ಅದನ್ನೂ ಯಾರಾದರೂ ಬಿಡಿಸಿ ಹೇಳುತ್ತಾರೆಯೇ?

ಫ್ಯೂನರಲ್ ಹೋಮಿನಲ್ಲಿ ಉನ್‌ಜು ಪೆಟ್ಟಿಗೆಯ ಕಾಲಿನ ಕಡೆ ಕ್ಯಾಮೆರಾ ಇಟ್ಟುಕೊಂಡಳು. ಪುರೋಹಿತರು ಮಂತ್ರ ಶುರು ಮಾಡಿದರು, ಮುಚ್ಚಳ ತೆಗೆದರು. ಪ್ರಫುಲ್ಲಾ ಗಂಡನ ಬಾಯಿಗೆ ಅಕ್ಕಿಕಾಳು ಹಾಕಲು ಬಗ್ಗಿದಳು. ಆಗ ಉನ್‌ಜುಗೆ ಲಾಸ್ಯಾಳ ಶೂಗಳು ಕಂಡವು. ಎಡಗಾಲಿನದು ಬಲಗಾಲಿಗೆ, ಬಲಗಾಲಿನದು ಎಡಗಾಲಿಗೆ. ದಿನಾ ಅದನ್ನು ಸರಿ ಮಾಡಿ ಹಾಕುತ್ತಿದ್ದವನು ಪೆಟ್ಟಿಗೆಯಲ್ಲಿ ಮಲಗಿದ್ದ. ಕ್ಯಾಮೆರಾ ತಾನೇ ತಾನಾಗಿ ಕೆಳಗಿಳಿಯಿತು. ಎಷ್ಟೋ ವರ್ಷಗಳಿಂದ ಇಂಥ ಶಾಟ್ ಉನ್‌ಜುಗೆ ಸಿಕ್ಕಿರಲಿಲ್ಲ. ಖುಷಿಯಾಯಿತು ಅವಳಿಗೆ. ಹೆಣದ ಮುಂದೆ ನಿಂತು ಖುಷಿಪಟ್ಟಳು, ಇದ್ದದ್ದನ್ನು ಇದ್ದ ಹಾಗೇ ಹೇಳಬೇಕಲ್ಲ.

ಲೈವ್ ನೋಡಿಕೊಳ್ಳಲು ಟ್ರೈಪಾಡಿಗೆ ಸಿಕ್ಕಿಸಿದ್ದ ಫೋನಿನಲ್ಲಿ ಕನ್ನಡ ಅಕ್ಷರಗಳು ಒಂದರ ಮೇಲೊಂದು ಬರುತ್ತಿದ್ದವು. ಓದಲು ಬರದ ಉನ್‌ಜು ಸಂತಾಪದ ಮಾತಿರಬೇಕು ಎಂದುಕೊಂಡಳು. ಹನ್ನೊಂದು ನಿಮಿಷ ಶೂಗಳನ್ನೇ ಹಿಡಿದಳು. ಮುಚ್ಚಳ ಬಿತ್ತು. ಅಮಿತ್ ದಹನದ ಕುಲುಮೆಯ ಗುಂಡಿ ಒತ್ತಿದ.

ಮರುದಿನ ಅಮಿತ್ ಆ ಅಕ್ಷರಗಳನ್ನು ಅವಳಿಗೆ ಓದಿ ಹೇಳಿದ. ಅಷ್ಟೂ ಮಂಗಳೂರಿನ ಅಕ್ಕನದೇ, ಒಂದೇ ಮಾತು. ಮುಖ ತೋರಿಸಿ. ಮುಖ ತೋರಿಸಿ. ಒಂದು ಸಲ ಮುಖ ತೋರಿಸಿ.

ಉನ್‌ಜು ರೆಕಾರ್ಡಿಂಗು ಪೂರ್ತಿ ಜಾಲಾಡಿದಳು. ಒಂದು ಫ್ರೇಮಿನಲ್ಲೂ ಜಯರಾಮನ ಮುಖವಿರಲಿಲ್ಲ. ವಿಡಿಯೋದವರು ಇದ್ದಾರಲ್ಲ ಎಂದು ಬಂದವರಲ್ಲಿ ಯಾರೂ ಫೋನ್ ಕೂಡ ಎತ್ತಿರಲಿಲ್ಲ. ಕ್ಷಮೆ ಕೇಳಲು ಅವಳು ನೆವಾರ್ಕಿನ ಅಪಾರ್ಟ್‌ಮೆಂಟಿಗೆ ಹೋದಾಗ ಪ್ರಫುಲ್ಲಾ ಗಂಡನ ಅಕ್ಕ ವಸುಧಕ್ಕನೊಂದಿಗೆ ವಿಡಿಯೋ ಕಾಲಿನಲ್ಲಿದ್ದಳು.

ವಸುಧಕ್ಕ ಬೈಯಲಿಲ್ಲ. ಬೈದಿದ್ದರೆ ಉನ್‌ಜು ಬದುಕಿಕೊಳ್ಳುತ್ತಿದ್ದಳು.

“ಆ ವಿಡಿಯೋದವರು ಹತ್ರವೇ ಇದ್ರಲ್ಲ, ಅವರನ್ನೇ ಕೇಳು,” ಎಂದರು ವಸುಧಕ್ಕ. “ನೀನಾದ್ರೆ ನನ್ನ ಸಮಾಧಾನಕ್ಕೆ ಏನಾದ್ರೂ ಹೇಳ್ತಿ. ಅವರು ಹೊರಗಿನವರು, ಇದ್ದದ್ದನ್ನು ಹೇಳ್ತಾರೆ. ಜಯನ ಹುಬ್ಬಿನ ಮೇಲೆ ಗಾಯದ ಕಲೆ ಉಂಟಲ್ಲ, ಸಣ್ಣದಿರುವಾಗ ನನ್ನ ಸೊಂಟದಿಂದ ಜಾರಿ ಬಿದ್ದದ್ದು. ಅಲ್ಲಿ ಹೆಣಕ್ಕೆ ಬಣ್ಣ ಹಚ್ತಾರಂತಲ್ಲ, ಅದನ್ನೂ ಮುಚ್ಚಿಬಿಟ್ಟಿದ್ರಾ?”

ಪ್ರಫುಲ್ಲಾ ಅದನ್ನು ಉನ್‌ಜುಗೆ ಇಂಗ್ಲಿಷಿನಲ್ಲಿ ಹೇಳಿದಳು. ಉನ್‌ಜು ಬಾಯಿ ತೆರೆದಳು. ಸೋದರಮಾವನ ನಗುವನ್ನು ಮುಚ್ಚಿಟ್ಟ ಬಾಯಿ, ಸುಳ್ಳು ಅದಕ್ಕೆ ಹೊಸದಲ್ಲ.

“ಇಲ್ಲ, ಮುಚ್ಚಿರಲಿಲ್ಲ. ಕಲೆ ಚೆನ್ನಾಗಿ ಕಾಣ್ತಿತ್ತು. ನಿದ್ದೆ ಮಾಡ್ತಿರೋ ಹಾಗಿತ್ತು ಮುಖ.”

ಪ್ರಫುಲ್ಲಾ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ಫೋನಿನ ಕಡೆ ತಿರುಗಿದಳು.

“ಕಾಣ್ತಿತ್ತಂತೆ ಅಕ್ಕ. ನಿದ್ದೆ ಮಾಡಿದ ಹಾಗೆ ಇತ್ತಂತೆ.”

ವಸುಧಕ್ಕ ಅತ್ತರು. ಆ ಹೊರಗಿನವಳಿಗೆ ಎರಡೂ ಕೈ ಎತ್ತಿ ಮುಗಿದರು.

ಪ್ರಫುಲ್ಲಾ ಕಾಲ್ ಮುಗಿಸಿ ಫೋನನ್ನು ಮೇಜಿನ ಮೇಲೆ ಮಗುಚಿಟ್ಟಳು.

“ಪೋಸ್ಟ್‌ಮಾರ್ಟಮ್ ಆಗಿತ್ತು,” ಎಂದಳು. “ತಲೆಯಿಂದ ಹುಬ್ಬಿನ ಕೆಳಗಿನವರೆಗೂ ಬಿಳಿ ಬಟ್ಟೆ ಸುತ್ತಿದ್ರು. ನೀವು ಅವ್ರನ್ನ ನೋಡ್ಲೇ ಇಲ್ಲ.”

ಉನ್‌ಜು ಎದ್ದು ಹೊರಟಳು. ಬಾಗಿಲಲ್ಲಿ ಲಾಸ್ಯಾಳ ಶೂಗಳಿದ್ದವು. ಅವುಗಳತ್ತ ನೋಡುವ ಮುಖವೂ ಅವಳಿಗಿರಲಿಲ್ಲ.

ಶನಿವಾರ ಬರ್ಕ್ಲಿಯಲ್ಲಿ ಸಿನಿಮಾ ಮುಗಿದು ದೀಪ ಹತ್ತಿತು. ಮುಂದಿನ ಸಾಲಿನ ಒಬ್ಬ ವಿದ್ಯಾರ್ಥಿನಿ ಎದ್ದು, ನೀವು ಸತ್ತವರ ಮುಖವನ್ನು ಯಾಕೆ ತೋರಿಸುವುದಿಲ್ಲ ಎಂದು ಕೇಳಿದಳು.

“ನಾನು ನೋಡೋದೇ ಇಲ್ಲ,” ಎಂದಳು ಉನ್‌ಜು. “ಅದಕ್ಕೆ.”

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.