ದೊಡ್ಡ ಅಕ್ಷರದ ಫೋನು

ತೇಜಶ್ರೀ ಊಟ ಮುಗಿಸಿ ಇಂದಿರಾನಗರದ ತನ್ನ ಆಫೀಸಿನ ಮೆಟ್ಟಿಲು ಹತ್ತುತ್ತಿದ್ದಾಗ ಹಲಸೂರಿನಿಂದ ದೊಡ್ಡಮ್ಮ ಮುನಿವೆಂಕಟಮ್ಮನ ಫೋನು ಬಂತು.

"ತೇಜೂ, ನಿಮ್ಮ ದೊಡ್ಡಪ್ಪ ಎದೆ ಹಿಡ್ಕೊಂಡು ಕೂತ್ಬಿಟ್ಟವ್ರೆ ಕಣೇ. ನೀನು ಹಾಕ್ಕೊಟ್ಟ ಆ್ಯಪು ತೆಗೆದ್ರೆ ಹಂಗೇ ಮುಚ್ಕೊಂಡ್ಬಿಡ್ತದೆ!"

ತೇಜಶ್ರೀ ಮೆಟ್ಟಿಲ ಮೇಲೇ ನಿಂತಳು. ಆ್ಯಂಬುಲೆನ್ಸ್ ಕರೆಸುವ ಆ ಆ್ಯಪು ಅವಳ ಕಂಪನಿಯದು. ಅದರ ಕೆಂಪು ಗುಂಡಿಯ ಕೋಡು ಬರೆದವಳು ಅವಳೇ. ಹೊಸ ಆವೃತ್ತಿ ಅಂದು ಬೆಳಿಗ್ಗೆಯಷ್ಟೇ ಜನರ ಫೋನುಗಳನ್ನು ತಲುಪಿತ್ತು.

"ಆ್ಯಪ್ ಬಿಡು ದೊಡ್ಡಮ್ಮ. ನೂರೆಂಟಕ್ಕೆ ಫೋನ್ ಮಾಡು. ಪಕ್ಕದ್ಮನೆ ಪಾಷಾ ಅವ್ರನ್ನ ಕೂಗು, ಬೇಗ!"

ಕರೆ ಕಡಿದುಹೋಯಿತು. ಮತ್ತೆ ಮಾಡಿದರೆ ಯಾರೂ ಎತ್ತಲಿಲ್ಲ.

ಓಡಿಹೋಗಿ ಕಂಪ್ಯೂಟರ್ ತೆರೆದಳು. ಆ್ಯಪು ಕುಸಿದ ವರದಿಗಳು ಒಂದರ ಮೇಲೊಂದು ಬಂದು ಬೀಳುತ್ತಿದ್ದವು. ಒಂದೊಂದು ವರದಿಯೂ ಒಂದೊಂದು ಮನೆ.

"ನಮ್ಮ ಫೋನಲ್ಲೆಲ್ಲ ಸರಿಯಾಗೇ ಇದೆಯಲ್ಲೇ?" ಪಕ್ಕದ ಸೀಟಿನ ನಾಜಿಶ್ ಬಗ್ಗಿ ನೋಡಿದಳು.

"ನಮ್ದೆಲ್ಲ ಸಣ್ಣ ಅಕ್ಷರ ನಾಜಿಶ್. ಅಲ್ಲಿ ಗುಂಡೀನ ಕೋಡೇ ಹುಟ್ಟಿಸುತ್ತೆ. ದೊಡ್ಡ ಅಕ್ಷರ ಇಟ್ಕೊಂಡಿರೋ ಫೋನಿಗೆ ನಮ್ಮ ಟೀಮಿನ ಪ್ರೇಮ್‌ಕುಮಾರ್ ಬೇರೆ ಲೇಔಟ್, ಪರದೆಯ ನಕ್ಷೆ, ಮಾಡಿದಾನೆ. ಅಲ್ಲಿ ಲೇಔಟೇ ಗುಂಡೀನ ಕರೆದು, ಅಳತೆ, ಬಣ್ಣ ಎಲ್ಲ ಕೈಗೆ ಕೊಡುತ್ತೆ. ಅದನ್ನ ಇಸ್ಕೊಂಡು ಗುಂಡಿ ಕಟ್ಟೋ ಕೋಡಿನ ತುಂಡು, ಆ ಕನ್‌ಸ್ಟ್ರಕ್ಟರ್ ನಾನು ಬರೆದೇ ಇಲ್ಲ, ಅದಕ್ಕೇ ಬೀಳ್ತಿದೆ."

ಅಂದರೆ ಆ್ಯಪು ಕೆಟ್ಟಿದ್ದು ವಯಸ್ಸಾದವರ ಫೋನಿನಲ್ಲಿ ಮಾತ್ರ. ದೊಡ್ಡಪ್ಪನ ವಿಷಯವನ್ನೂ ಹೇಳಿದಾಗ ನಾಜಿಶ್ ಕೀಬೋರ್ಡಿಗೆ ಕೈ ಚಾಚಿದಳು.

"ನೀನು ಹಲಸೂರಿಗೆ ಹೋಗು, ನಾನ್ ನೋಡ್ಕೋತೀನಿ."

ತೇಜಶ್ರೀ ಗಾಡಿಯ ಕೀ ತೆಗೆದುಕೊಂಡು ಎದ್ದಳು. ಪರದೆಯ ಮೇಲೆ ಇನ್ನೊಂದು ವರದಿ ಬಂತು. ಕೂತುಬಿಟ್ಟಳು.

"ಇದನ್ನ ನಾನೇ ಬೇಗ ಮಾಡೋದು. ನೀನು ಎಲ್ರಿಗೂ ಮೆಸೇಜ್ ಕಳ್ಸು, ನೇರ ನೂರೆಂಟಕ್ಕೆ ಮಾಡಿ ಅಂತ."

ಅವಸರದಲ್ಲಿ ಅಕ್ಷರಗಳು ತಪ್ಪಿದವು. ಬರೆಯಬೇಕಾದದ್ದು ಎರಡು ಮೂರು ಸಾಲಷ್ಟೇ. ಪಕ್ಕದಲ್ಲಿಟ್ಟಿದ್ದ ಫೋನು ಸುಮ್ಮನೆ ಬಿದ್ದಿತ್ತು; ದೊಡ್ಡಪ್ಪ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡಂತೆ ಮತ್ತೆ ಮತ್ತೆ ಕಾಣುತ್ತಿತ್ತು. ಪರೀಕ್ಷೆಯ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿ ಆ್ಯಪು ತೆರೆದಳು. ಕೆಂಪು ಗುಂಡಿ ಬಂತು, ನಿಂತಿತು. ಸರಿಪಡಿಸಿದ ಆವೃತ್ತಿ ಕಳಿಸಿ ಮುಗಿಸುವಷ್ಟರಲ್ಲಿ ಫೋನು ಬಡಿದುಕೊಂಡಿತು.

"ಬೇಟಾ, ನಾನು ಅಹ್ಮದ್ ಪಾಷಾ. ಕಾಯೋದ್ ಬ್ಯಾಡ ಅಂತ ನನ್ ಆಟೋದಲ್ಲೇ ಆಸ್ಪತ್ರೆಗೆ ಕರ್ಕೊಂಬಂದೆ. ಒಳಗೆ ಕರ್ಕೊಂಡ್ ಹೋಗವ್ರೆ. ಮಾತಾಡ್ತಾವ್ರೆ, ಹೆದರ್ಬೇಡ."

ಆಸ್ಪತ್ರೆಯಲ್ಲಿ ಮುನಿವೆಂಕಟಮ್ಮ ಅವಳ ಕೈ ಹಿಡಿದುಕೊಂಡಳು. "ನಾನೇ ಏನೋ ತಪ್ಪು ಒತ್ತಿ ಕೆಡಿಸ್ಬಿಟ್ನೇನೋ ಅಂತ ಜೀವವೇ ಹೋಗಿತ್ತು."

"ತಪ್ಪು ನಂದು ದೊಡ್ಡಮ್ಮ," ಎಂದಳು ತೇಜಶ್ರೀ. ದೊಡ್ಡಮ್ಮನಿಗೆ ಅದು ಅರ್ಥವಾಗಲಿಲ್ಲ.

ಆಚೆ ಬಂದು ನಾಜಿಶ್‌ಗೆ ಫೋನ್ ಮಾಡಿದಳು. ಆಫೀಸಿನವರು ಆ್ಯಪು ಕುಸಿದಿದ್ದ ಫೋನಿನವರಿಗೆಲ್ಲ ಕರೆ ಮಾಡಿ ವಿಚಾರಿಸಿದ್ದರು. ಬಾಣಸವಾಡಿಯ ರಾಮಯ್ಯ ಅನ್ನುವವರು ಮಾತ್ರ ಎತ್ತಿರಲಿಲ್ಲ. ನಂಬರ್ ತೆಗೆದುಕೊಂಡು ತೇಜಶ್ರೀಯೇ ಫೋನ್ ಮಾಡಿದಳು. ರಿಂಗಾಗುತ್ತಲೇ ಇತ್ತು. ಕಟ್ಟಾಯಿತು. ಮತ್ತೆ ಮಾಡಿದಳು.

"ಯಾರಮ್ಮ ಅದು, ಮಲ್ಗಿರೋರನ್ನ ಎಬ್ಬಿಸ್ತೀಯಲ್ಲ!" ಎಂದು ಮುದಿ ದನಿಯೊಂದು ಗದರಿತು.

"ಮಲಕ್ಕೊಳ್ಳಿ ರಾಮಯ್ಯನವ್ರೇ, ನೀವು ಚೆನ್ನಾಗಿದ್ರೆ ಸಾಕು," ಎಂದಳು ತೇಜಶ್ರೀ.