ರೆಮಿಯ ಮೀನಖಂಡ

ದೇಶದ ತಂಡ ಸೋಲುವುದಕ್ಕೆ ಬೇಯಿಸಿದ ಕೋಳಿಯೇ ಕಾರಣ ಎಂದು ಡಾಕ್ಟರ್ ಕಾಸ್ತೆರಾ ಮೂರನೇ ಸಲ ಹೇಳಿದರು. ಪ್ಯಾರಿಸ್ಸಿನ ಶಿಬಿರದಲ್ಲಿ ಹುಡುಗರಿಗೆ ಚರ್ಮ ಸುಲಿದ ಕೋಳಿಯ ಎದೆಭಾಗವನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಾರಂತೆ, ಅದನ್ನು ತಿಂದು ಯಾವ ಮನುಷ್ಯ ಎದುರಿನವನನ್ನು ಒಂದು ಗೇಣಾದರೂ ಹಿಂದಕ್ಕೆ ತಳ್ಳಿಯಾನು ಎನ್ನುವುದು ಅವರ ವಾದ. ಲೂಬ್ರಕ್ ರಗ್ಬಿ ಕ್ಲಬ್ಬಿನ ಕ್ಯಾಂಟೀನಿನಲ್ಲಿ ಉದ್ದನೆಯ ಮೇಜಿನ ಸುತ್ತ ಕೂತು ಬಿಳಿ ಬೀನ್ಸ್ ಕಾಳು ಆರಿಸುತ್ತಿದ್ದವರೆಲ್ಲ ತಲೆದೂಗಿದರು. ಫಾದರ್ ದುಪೂಯಿಗೆ ಮಾತ್ರ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಈಗಿನ ಹುಡುಗರು ಬಸ್ಸಿನಲ್ಲಿ ಹಾಡುವುದನ್ನು ಬಿಟ್ಟು ಕಿವಿಗೆ ವೈರು ಸಿಕ್ಕಿಸಿಕೊಂಡು ಕೂರುತ್ತಾರೆ, ಸೋಲು ಶುರುವಾಗುವುದೇ ಅಲ್ಲಿಂದ ಎಂದರು ಅವರು.

ಕ್ಲಬ್ಬಿನ ಅಧ್ಯಕ್ಷ ಲಕಾಬಾನ್ ಇಬ್ಬರ ಮಾತನ್ನೂ ಕೈಬೀಸಿ ತಳ್ಳಿಹಾಕಿದ. ಹೊರದೇಶದ ಆಟಗಾರರೇ ಕಾರಣ, ನಮ್ಮ ಲೀಗಿನಷ್ಟು ಗಟ್ಟಿ ಲೀಗು ಭೂಮಿಯ ಮೇಲೆ ಇನ್ನೊಂದಿಲ್ಲ ನಿಜ, ಆದರೆ ಕ್ಲಬ್ಬುಗಳೆಲ್ಲ ಸಮುದ್ರದಾಚೆಯಿಂದ ಆಟಗಾರರನ್ನು ತಂದು ತುಂಬಿಕೊಂಡರೆ ನಮ್ಮ ಹುಡುಗರು ಎಲ್ಲಿ ಆಡಬೇಕು ಎಂದು ಕೇಳಿದ. ಬಾತುಕೋಳಿಯ ಕಾಲುಗಳಿಗೆ ಕೊಬ್ಬು ಸವರುತ್ತಿದ್ದ ಜೋಸೆಟ್ ತಲೆಯೆತ್ತಿ ಅವನನ್ನು ಒಮ್ಮೆ ನೋಡಿದಳು. ಅವನ ತಂಡದ ಇಪ್ಪತ್ಮೂರು ಜನರಲ್ಲಿ ಹದಿನಾಲ್ಕು ಜನರನ್ನು ವಿಮಾನ ನಿಲ್ದಾಣದಿಂದ ಕರೆತಂದು, ಮೊದಲ ರಾತ್ರಿ ಈ ಮೇಜಿನಲ್ಲೇ ಕೂರಿಸಿ ಊಟಕ್ಕೆ ಹಾಕಿದವಳು ಅವಳೇ. ಲಕಾಬಾನ್ ಆ ನೋಟವನ್ನು ಗಮನಿಸದವನಂತೆ ಒಂದು ಹುಳುಕು ಕಾಳನ್ನು ಹುಡುಕಿ ಆಚೆ ಎಸೆದ.

ಇಷ್ಟಕ್ಕೂ ಆ ಸೋಮವಾರ ಬೆಳಿಗ್ಗೆ ಜೋಸೆಟ್‌ಗೆ ಅನುಮಾನ ಬರಬೇಕಿತ್ತು. ಮೂವತ್ತೊಂದು ವರ್ಷದಿಂದ ಈ ಅಡುಗೆಮನೆ ಅವಳದು. ಊರಲ್ಲೇ ಪಂದ್ಯವಿದ್ದ ಪ್ರತಿ ಶನಿವಾರ ನಾನೂರು ಜನಕ್ಕೆ ಬೇಯಿಸುತ್ತಾಳೆ. ಅಷ್ಟು ವರ್ಷದಲ್ಲಿ ಕಾಳು ಆರಿಸಲು, ಈಗಲೂ ಎದುರಿಗೆ ಕೂತಿದ್ದ ಬೇಕರಿಯ ಜಿನೂಳನ್ನು ಬಿಟ್ಟರೆ, ಬೇರೆ ಯಾರೂ ಬಂದದ್ದಿಲ್ಲ, ಊರಿನ ದೊಡ್ಡ ಮನುಷ್ಯರಂತೂ ಇಲ್ಲವೇ ಇಲ್ಲ. ಇವತ್ತು ಅಧ್ಯಕ್ಷ, ಡಾಕ್ಟರು, ಪಾದ್ರಿ ಮೂವರೂ 'ಸುಮ್ಮನೆ ಹೀಗೇ' ಬಂದಿದ್ದರು, ಮೂವರೂ ಗೋಡೆಯ ಫೋನಿಗೆ ಹತ್ತಿರದ ಕುರ್ಚಿಗಳನ್ನೇ ಹಿಡಿದಿದ್ದರು.

ಫೋನು ಬಡಿದುಕೊಂಡಿತು. ಮೂವರೂ ಒಟ್ಟಿಗೆ ಎದ್ದರು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಅಷ್ಟರಲ್ಲಿ ಜೋಸೆಟ್ ಮೇಜಿನ ಆ ಬದಿಯಿಂದ ಬಂದು, ಮೊಣಕೈವರೆಗೆ ಕೊಬ್ಬು ಮೆತ್ತಿದ್ದ ಕೈಯಲ್ಲೇ ರಿಸೀವರು ಎತ್ತಿ ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡಳು.

ಮಾತಾಡಿದಾತ ಪ್ಯಾರಿಸ್ಸಿನಿಂದ, ದೇಶದ ತಂಡದ ವೈದ್ಯ, ಕೇಳಿದ್ದು ಅವಳ ಹೆಸರನ್ನೇ. ದನಿ ವಿನಯದ್ದೇ, ಆದರೆ ಬಹಳ ದಣಿದಿತ್ತು. ಶನಿವಾರದ ಪಂದ್ಯದಲ್ಲಿ ಮೂರನೇ ನಂಬರಿನ ಆಟಗಾರನ ಪಕ್ಕೆಲುಬು ಮುರಿದದ್ದರಿಂದ ಆ ಜಾಗಕ್ಕೆ ರೆಮಿ ಬರೇರ್‌ನನ್ನು ಕರೆದಿದ್ದೇವೆ, ನಿನ್ನೆ ಮಧ್ಯಾಹ್ನವೇ ಕ್ಲಬ್ಬಿನ ಅಧ್ಯಕ್ಷರಿಗೆ ತಿಳಿಸಿದ್ದೇವೆ ಎಂದ. ರೆಮಿ ಅವಳ ಒಬ್ಬನೇ ಮಗ. ನಿನ್ನೆ ಮಧ್ಯಾಹ್ನದಿಂದ ಈ ಸುದ್ದಿ ಊರಲ್ಲಿ ಓಡಾಡುತ್ತಿದೆ, ಅವಳ ಕಿವಿಗೆ ಬಿದ್ದಿರಲಿಲ್ಲ.

ವೈದ್ಯ ಮುಂದುವರಿಸಿದ. ನಿನ್ನೆ ಸಂಜೆ ಅಧ್ಯಕ್ಷರು ಫೋನು ಮಾಡಿ, ಹುಡುಗನ ಎಡಗಾಲಿನ ಮೀನಖಂಡ ಹರಿದಿದೆ ಎಂದರಂತೆ. ಇವತ್ತು ಎಂಟು ಗಂಟೆಗೆ ಕ್ಲಬ್ಬಿನ ಡಾಕ್ಟರಿಂದ ಫ್ಯಾಕ್ಸ್ ಬಂತಂತೆ, ಅದರಲ್ಲಿ ಬಲಭುಜ ಕೀಲು ತಪ್ಪಿದೆ ಎಂದಿತ್ತು. ಒಂಬತ್ತಕ್ಕೆ ಒಬ್ಬ ಪಾದ್ರಿ ಮಾತಾಡಿದರಂತೆ, ಅವರು ಸುಳ್ಳು ಹೇಳಲು ಬಹಳ ಒದ್ದಾಡುತ್ತಿದ್ದರು, ಕೊನೆಗೆ ಮಂಗನಬಾವು ಎಂದು ಹೇಳಿ ಫೋನಿಟ್ಟರು. ಆಮೇಲೆ ಹೆಸರು ಹೇಳದ ಯಾರೋ ಹೆಂಗಸು, ಅವನಿಗೆ ರೈಲು ಆಗಿಬರುವುದಿಲ್ಲ, ವಾಂತಿ ಮಾಡಿಕೊಳ್ಳುತ್ತಾನೆ ಎಂದಳಂತೆ.

"ಮೇಡಂ, ಇವರು ಹೇಳಿದ್ದನ್ನೆಲ್ಲ ನಂಬೋದಾದ್ರೆ ನಿಮ್ಮ ಮಗನನ್ನ ನಾಲ್ಕು ಜನ ಹೊತ್ಕೊಂಡೇ ಬರಬೇಕು. ಅವನ ಫೋನು ನಿನ್ನೆಯಿಂದ ಆಫ್ ಇದೆ. ನೀವು ತಾಯಿ. ನೀವೇ ಹೇಳಿ, ಅವನಿಗೆ ಏನಾಗಿದೆ?"

ಜೋಸೆಟ್ ರಿಸೀವರಿನ ಬಾಯಿಗೆ ಕೈ ಮುಚ್ಚಿ ತಿರುಗಿದಳು. ಮೇಜಿನ ಸುತ್ತ ಎಲ್ಲರೂ ಕಾಳಿನಲ್ಲಿ ಮುಳುಗಿಹೋಗಿದ್ದರು. ಪಾದ್ರಿಯ ಕಿವಿ ಕೆಂಪಗಾಗಿತ್ತು.

ಲಕಾಬಾನ್ ಎದ್ದು ಬಂದು ಮೆಲುದನಿಯಲ್ಲಿ ಗೋಗರೆದ. ಶನಿವಾರ ಬರುತ್ತಿರುವುದು ವಿಲೇರ್ ತಂಡ. ನದಿಯಾಚೆಯ ಆ ಊರಿನವರ ಕೈಲಿ ಸೋತರೆ ನಾವು ಪಟ್ಟಿಯ ತಳಕ್ಕೆ, ವಸಂತದ ಹೊತ್ತಿಗೆ ಕೆಳಗಿನ ದರ್ಜೆಗೆ. ಸ್ಕ್ರಮ್ಮಿನಲ್ಲಿ ಎಂಟು ಜನ ಎಂಟು ಜನರಿಗೆ ಹೆಗಲು ಕೊಟ್ಟು ತಳ್ಳುವಾಗ ಬಲಮೂಲೆ ಕುಸಿದರೆ ಎಲ್ಲ ಕುಸಿದ ಹಾಗೆ, ಆ ಮೂಲೆಗೆ, ಅಂದರೆ ಮೂರನೇ ನಂಬರಿಗೆ, ಈಗ ರೆಮಿ ಒಬ್ಬನೇ ಗತಿ. ಜಾರ್ಜಿಯಾದವನ ಹೆಬ್ಬೆರಳು ಮುರಿದಿದೆ, ಟೋಂಗಾದವನು ತಂಗಿಯ ಮದುವೆಗೆಂದು ಹೋದವನು ಇನ್ನೂ ಬಂದಿಲ್ಲ.

"ಒಂದೇ ಒಂದು ಸಲ ಜೋಸೆಟ್. ಫ್ರಾನ್ಸ್ ಎಲ್ಲಿಗೆ ಓಡಿಹೋಗುತ್ತೆ? ಮುಂದಿನ ತಿಂಗಳೂ ಅಲ್ಲೇ ಇರುತ್ತೆ."

ಆ ಮಾತು ಜೋಸೆಟ್‌ಗೆ ಹೊಸದಲ್ಲ. ಒಂಬತ್ತು ವರ್ಷದ ಹಿಂದೆ ಇದೇ ಮಾತನ್ನು, ಹೆಚ್ಚುಕಡಿಮೆ ಇದೇ ದನಿಯಲ್ಲಿ, ಅವಳೇ ಆಡಿದ್ದಳು. ಆಗ ದೇಶದ ತಂಡದ ಕರೆ ಬಂದದ್ದು ಜಿನೂಳ ಮಗನಿಗೆ. ಆ ವಾರವೂ ಒಂದು ಪಂದ್ಯವಿತ್ತು, ಆ ಪಂದ್ಯವೂ ಊರಿನ ಅಳಿವು ಉಳಿವಿನದೇ ಆಗಿತ್ತು. ಜೋಸೆಟ್ ಒಂದು ಪಾತ್ರೆ ಬಾತುಕೋಳಿಯ ಅಡುಗೆ ಹಿಡಿದು ಬೇಕರಿಗೆ ಹೋಗಿ ಜಿನೂಳನ್ನು ಒಪ್ಪಿಸಿ ಬಂದಿದ್ದಳು. ಹುಡುಗ ಊರಲ್ಲೇ ಉಳಿದ, ಊರು ಗೆದ್ದಿತು, ಮೂರು ದಿನ ಕುಡಿದರು. ಪ್ಯಾರಿಸ್ಸಿನಿಂದ ಅವನಿಗೆ ಮತ್ತೆಂದೂ ಕರೆ ಬರಲಿಲ್ಲ. ಈಗ ಅವನು ಹೆದ್ದಾರಿಯ ಬದಿಯಲ್ಲಿ ಟ್ರ್ಯಾಕ್ಟರ್ ಮಾರುತ್ತಾನೆ, ಹೊಟ್ಟೆ ಬಂದಿದೆ. ಒಂಬತ್ತು ವರ್ಷ ಈ ಮೇಜಿನ ಎದುರುಬದುರು ಕೂತರೂ ಜಿನೂ ಆ ವಿಷಯ ಎತ್ತಿದವಳಲ್ಲ.

ಈಗಲೂ ಅವಳು ತಲೆಯೆತ್ತಲಿಲ್ಲ. ಬೆರಳು ಕಾಳಿನ ಮೇಲೆ ಓಡುತ್ತಲೇ ಇತ್ತು.

"ಮೀನ್ಖಂಡ ಅಂತಾನೇ ಹೇಳು. ನಮ್ಮೋನಿಗೂ ಅದೇ ಆಗಿದ್ದು," ಎಂದಳು.

ಜೋಸೆಟ್ ಮತ್ತೆ ಫೋನಿನ ಕಡೆ ತಿರುಗಿದಳು. ರಿಸೀವರು ಕೊಬ್ಬಿಗೆ ಜಾರುತ್ತಿತ್ತು, ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಡಾಕ್ಟ್ರೆ, ಇದೀರಾ? ಅವನಿಗೆ ಏನೂ ಆಗಿಲ್ಲ. ಆರನೇ ವಯಸ್ಸಲ್ಲಿ ದಡಾರ ಆಗಿತ್ತು, ಅಷ್ಟೆ. ಕಾಡಲ್ಲಿ ಪಾರಿವಾಳಕ್ಕೆ ಕೂತಿದಾನೆ. ಸಾಯಂಕಾಲದ ರೈಲು ಹತ್ತಿಸ್ತೀನಿ."

ಆ ಕಡೆಯಿಂದ ವೈದ್ಯ, ಪಾರಿವಾಳವೇ ಎಂದು ಏನೋ ಕೇಳುತ್ತಿದ್ದ. ಅವಳು ಫೋನಿಟ್ಟಳು. ಫಾದರ್ ದುಪೂಯಿ ದೇವರಿಗೆ ಸ್ತೋತ್ರ ಎಂದು ಗೊಣಗಿದರು, ಲಕಾಬಾನ್ ದುರುಗುಟ್ಟಿದ ಮೇಲೆ ಸುಮ್ಮನಾದರು.

ನವೆಂಬರಿನಲ್ಲಿ ಕಾಡುಪಾರಿವಾಳಗಳು ದಕ್ಷಿಣಕ್ಕೆ ಹಾರಿಹೋಗುವ ಕೆಲವು ವಾರ ಆ ಸೀಮೆಯ ಗಂಡಸರು ಮನೆಗೂ ಇಲ್ಲ, ಕೆಲಸಕ್ಕೂ ಇಲ್ಲ. ಓಕ್ ಮರಗಳ ತುದಿಯಲ್ಲಿ ಸೊಪ್ಪು ಮುಚ್ಚಿದ ಅಟ್ಟ ಕಟ್ಟಿಕೊಂಡು ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಕ್ಲಬ್ಬು ಎರಡು ದಿನ ರಜೆ ಕೊಟ್ಟಿತ್ತು, ರೆಮಿ ಸೋದರಮಾವ ಗಾಸ್ತೋನ ಅಟ್ಟಕ್ಕೆ ಹೋಗಿದ್ದ. ಫೋನಿನ ಸದ್ದಿಗೆ ಹಕ್ಕಿ ಬೆದರಿದರೆ ಗಾಸ್ತೋ ಆ ಫೋನನ್ನು ಕೆರೆಗೆ ಎಸೆಯುವವನು, ಹಿಂದೊಮ್ಮೆ ಎಸೆದಿದ್ದಾನೆ ಕೂಡ.

ಜೋಸೆಟ್ ವ್ಯಾನು ಹೊರಡಿಸುವಾಗ ಜಿನೂ ಬಾಗಿಲು ತೆರೆದು ಪಕ್ಕದಲ್ಲಿ ಕೂತಳು. ಮುಕ್ಕಾಲು ದಾರಿ ಕಳೆದ ಮೇಲೆ, ಅವತ್ತು ನಾನು ಬೇಕರಿಗೆ ಬಂದದ್ದು ಎಂದು ಜೋಸೆಟ್ ಶುರುಮಾಡಿದಳು. ಜಿನೂ ಮುಂದಿನ ತಿರುವಿನಲ್ಲಿ ಎಡಕ್ಕೆ ಎಂದಳು. ಆ ತಿರುವು ಜೋಸೆಟ್‌ಗೆ ಹುಟ್ಟಿದಾಗಿನಿಂದ ಗೊತ್ತು.

ಕಾಡಿನ ಅಂಚಿನಲ್ಲಿ ನಿಂತು, ಆ ಕಡೆಯ ಪದ್ಧತಿಯಂತೆ ಬಾಯಲ್ಲಿ ಸಿಳ್ಳೆ ಹಾಕಿ, ಮೇಲಿನಿಂದ ಮರುಸಿಳ್ಳೆ ಬರುವವರೆಗೆ ಕಾದು, ಜೋಸೆಟ್ ಏಣಿ ಹತ್ತಿದಳು. ಅಟ್ಟದಲ್ಲಿ ನೂರಿಪ್ಪತ್ತೆಂಟು ಕಿಲೋ ತೂಗುವ ಅವಳ ಮಗ ಸಣ್ಣ ಸ್ಟೂಲಿನ ಮೇಲೆ ಮುದುಡಿ ಕೂತಿದ್ದ. ಹೊರಗಿನ ಹಕ್ಕಿಗಳನ್ನು ಕರೆಯಲೆಂದು ಕೊಂಬೆಗೆ ಕಟ್ಟಿದ ಸಾಕುಪಾರಿವಾಳದ ದಾರ ಅವನ ಬೆರಳಲ್ಲಿತ್ತು. ಅವಳು ಪಿಸುಗುಟ್ಟುತ್ತ ಎಲ್ಲ ಹೇಳಿದಳು. ರೆಮಿ ಬಾಯಿ ಬಿಟ್ಟುಕೊಂಡು ಕೇಳಿದ.

"ಶನಿವಾರ ವಿಲೇರ್ ಜೊತೆ ಮ್ಯಾಚಲ್ವಾ ಅಮ್ಮ?"

"ಹೌದು."

"ಅಧ್ಯಕ್ಷರು ಏನಂತಾರೆ?"

"ನಿನ್ನ ಮೀನ್ಖಂಡ ಹರಿದಿದೆ ಅಂತಾರೆ."

ರೆಮಿ ಬಗ್ಗಿ ತನ್ನ ಕಾಲುಗಳನ್ನು ನೋಡಿಕೊಂಡ. "ಯಾವ ಕಾಲಂತೆ?"

ಜೋಸೆಟ್ ಉತ್ತರಿಸುವಷ್ಟರಲ್ಲಿ ಗಾಸ್ತೋ ಕೈಯೆತ್ತಿದ. ಉತ್ತರದ ಆಕಾಶದಲ್ಲಿ ಬೂದು ಚುಕ್ಕೆಗಳು ಕಾಣಿಸಿಕೊಂಡಿದ್ದವು. ಹುಡುಗನ ಬಾಳಿನ ಅತಿದೊಡ್ಡ ಮಾತು ಅಲ್ಲಿಗೆ ನಿಂತಿತು. ಹತ್ತು ನಿಮಿಷ ಯಾರೂ ಕದಲಲಿಲ್ಲ. ಅರವತ್ತು ಪಾರಿವಾಳಗಳು ಒಂದು ಸುತ್ತು ಹಾಕಿದವು, ಇನ್ನೊಂದು ಸುತ್ತಿಗೆ ಕೆಳಗಿಳಿದವು. ಗಾಸ್ತೋನ ಕಣ್ಣಲ್ಲಿ ನೀರು ತುಂಬಿತು, ಆ ವರ್ಷ ಇಷ್ಟು ದೊಡ್ಡ ಹಿಂಡು ಬಂದಿರಲಿಲ್ಲ. ಮೊದಲ ಹಕ್ಕಿ ರೆಕ್ಕೆ ಮಡಿಸಿ ಕೊಂಬೆಗೆ ಕಾಲಿಡಬೇಕು, ಆ ಗಳಿಗೆಗೆ ಸರಿಯಾಗಿ ಮರದ ಬುಡದಿಂದ ಜಿನೂಳ ದನಿ ಬಂತು, ಬೇಕರಿಯ ಮುಂದಿನ ಬಾಗಿಲಲ್ಲಿ ಕೂಗಿದರೆ ಹಿಂದಿನ ಒಲೆಯವರೆಗೆ ಕೇಳಿಸುವಂಥ ದನಿ.

"ರೆಮಿ, ಇಳಿಯೋ. ರೈಲು ನಾಲ್ಕೂ ಹತ್ತಕ್ಕೆ."

ಅರವತ್ತೂ ಹಕ್ಕಿ ಒಟ್ಟಿಗೆ ಎದ್ದು ಹೋದವು. ಗಾಸ್ತೋ ಆಮೇಲೆ ಮಾತಾಡಿದ್ದನ್ನು ಬರೆಯುವಂತಿಲ್ಲ.

"ನೀನೇನಂತೀಯಮ್ಮ?" ರೆಮಿ ಕೇಳಿದ. ಅವನ ದನಿ ದೇಹಕ್ಕೆ ಹೋಲಿಸಿದರೆ ಬಹಳ ಸಣ್ಣದಾಗಿತ್ತು.

"ನಿಂಗೇನೂ ಆಗಿಲ್ಲ ಅಂತ ಫೋನಲ್ಲಿ ಹೇಳ್ಬಿಟ್ಟಿದೀನಿ. ಇನ್ನು ಹೋಗೋದು ಬಿಡೋದು ನಿನ್ನಿಷ್ಟ. ಕಾಲು ಕುಂಟೋದಾದ್ರೆ ಎಡಗಾಲು ಕುಂಟು, ಅಧ್ಯಕ್ಷರು ಹೇಳಿರೋದು ಅದನ್ನ."

ರೆಮಿ ದಾರವನ್ನು ಮಾವನ ಕೈಗೆ ಕೊಟ್ಟು ಏಣಿಗೆ ಕಾಲಿಟ್ಟ. ಎರಡು ಕಾಲಿನ ಮೇಲೂ ಸಮನಾಗಿ ಭಾರ ಹಾಕುತ್ತ ಇಳಿದ, ಮೂರನೇ ಮೆಟ್ಟಿಲು ಲಟ್ಟೆಂದು ಮುರಿಯಿತು.

ಆ ವಾರವೆಲ್ಲ ಲಕಾಬಾನ್ ಕ್ಯಾಂಟೀನಿಗೆ ಕಾಲಿಡಲಿಲ್ಲ. ಮಾಂಸದಂಗಡಿಯವನು ಜೋಸೆಟ್‌ಗೆ ಕೊಡುವ ಬಾತುಗಳಲ್ಲಿ ಬಡಕಲನ್ನೇ ಆರಿಸಿ ಕೊಟ್ಟ. ಅಂಚೆಯವನು ಸೈಕಲ್ಲಿನಿಂದಿಳಿಯದೆ ಕಾಗದ ಎಸೆದು ಹೋದ. ಪ್ಯಾರಿಸ್ಸಿನಿಂದ ಪಂದ್ಯದ ಟಿಕೇಟು ಬಂದಿತ್ತು, ನಾನೂರು ಊಟ ಬಿಟ್ಟು ಅವಳು ಹೇಗೆ ಹೋದಾಳು? ಮೂರು ಗಂಟೆಗೆ ಇಲ್ಲಿಯ ಪಂದ್ಯ, ಮೂರು ಗಂಟೆಗೇ ಅಲ್ಲಿಯದೂ.

ಶನಿವಾರ ಮೂರಕ್ಕೆ ಕ್ಯಾಂಟೀನು ಖಾಲಿಯಾಯಿತು. ತಟ್ಟೆಗಳ ರಾಶಿಯ ನಡುವೆ ಜೋಸೆಟ್ ಫ್ರೀಜರಿನ ಮೇಲೆ ಸಣ್ಣ ಟಿವಿ ಇಟ್ಟು ಹಾಕಿದಳು. ಜಿನೂ ಸೌಟು ಹಿಡಿದುಕೊಂಡೇ ಬಂದು ನಿಂತಳು. ಅಲ್ಲಿ ಫ್ರಾನ್ಸ್ ಶುರುವಿನಿಂದಲೇ ಸೋಲುತ್ತಿತ್ತು. ಒಬ್ಬ ಎಸೆದ ಚೆಂಡು ಇನ್ನೊಬ್ಬನಿಲ್ಲದ ಕಡೆಗೇ ಹೋಗುತ್ತಿತ್ತು, ಆಟಗಾರರು ಒಬ್ಬರನ್ನೊಬ್ಬರು ಮದುವೆಮನೆಯಲ್ಲಿ ಆಗಷ್ಟೇ ಪರಿಚಯವಾದ ಬೀಗರಂತೆ ನೋಡುತ್ತಿದ್ದರು. ರೆಮಿ ಬದಲಿಯವರ ಬೆಂಚಿನ ತುದಿಯಲ್ಲಿದ್ದ, ಕ್ಯಾಮರಾ ಆಗೊಮ್ಮೆ ಈಗೊಮ್ಮೆ ಹಾದುಹೋದಾಗ ಅವನ ಒಂದು ಮೊಣಕಾಲು ಕಾಣುತ್ತಿತ್ತು.

ನಾಲ್ಕೂ ಕಾಲರ ಹೊತ್ತಿಗೆ ಹಿಂಬಾಗಿಲು ತೆರೆದು ಲಕಾಬಾನ್ ಒಳಗೆ ಬಂದ. ಮುಖ ಬಿಳಿಚಿಕೊಂಡಿತ್ತು. ಹೊರಗೆ ಸಮ ಸಮ ಇದೆ, ನಿಂತು ನೋಡುವ ಶಕ್ತಿ ತನಗಿಲ್ಲ, ಬಲಮೂಲೆಗೆ ನಲವತ್ತರ ಮುದುಕನೊಬ್ಬನನ್ನು ನಿಲ್ಲಿಸಿದ್ದೇವೆ ಎಂದು ಯಾರಿಗೋ ಎಂಬಂತೆ ಹೇಳಿ ಒಂದು ಲೋಟ ನೀರು ಕೇಳಿದ. ಜೋಸೆಟ್ ಕೊಟ್ಟಳು. ಅವನು ಕುಡಿದು ಲೋಟ ಕೆಳಗಿಟ್ಟ, ಹೊರಡಲಿಲ್ಲ.

ಟಿವಿಯಲ್ಲಿ ರೆಮಿ ಮೇಲಂಗಿ ಕಳಚುತ್ತಿದ್ದ. ಇಪ್ಪತ್ತೆರಡು ಅಂಕ ಹಿಂದಿದ್ದ ತಂಡದ ಪರವಾಗಿ ಮೈದಾನಕ್ಕೆ ಓಡಿದ, ಓಡಿದ್ದು ತಪ್ಪು ತುದಿಗೆ. ರೆಫರಿ ತಿರುಗಿಸಿ ಕಳಿಸಿದ. ಬಂದ ಕೂಡಲೇ ಸ್ಕ್ರಮ್ಮು. ಹದಿನಾರು ಜನ ತಲೆ ತಗ್ಗಿಸಿದರು.

"ಎಡಗಾಲು ಬಹಳ ಹಿಂದಿಟ್ಟಿದಾನೆ," ಎಂದ ಲಕಾಬಾನ್.

"ಮೀನ್ಖಂಡ ನೋಯ್ತಿರಬೇಕು," ಎಂದಳು ಜಿನೂ.

ಜೋಸೆಟ್‌ಳ ಬಲಹೆಗಲು ತನ್ನಷ್ಟಕ್ಕೆ ಬಾಗಿ ಫ್ರೀಜರಿಗೆ ತಾಗಿತ್ತು. ಲಕಾಬಾನನೂ ಅವಳ ಪಕ್ಕದಲ್ಲಿ ಬಾಗಿದ್ದ, ಹಲ್ಲು ಕಚ್ಚಿದ್ದ. ಪರದೆಯ ಮೇಲೆ ಆ ದೊಡ್ಡ ಮಾಂಸದ ಮುದ್ದೆ ಒಂದು ಗೇಣು ಮುಂದಕ್ಕೆ ಸರಿಯಿತು, ಇನ್ನೊಂದು ಗೇಣು. ಫ್ರೀಜರು ಕಿರುಗುಟ್ಟಿತು.

ಹೊರಗೆ ಲೂಬ್ರಕ್‌ನ ಮೈದಾನ ಒಮ್ಮೆಲೇ ಭೋರ್ಗರೆಯಿತು. ನಮ್ಮವರದೋ ವಿಲೇರಿನವರದೋ ಗೋಡೆಯಾಚೆಯಿಂದ ತಿಳಿಯುವಂತಿರಲಿಲ್ಲ. ಲಕಾಬಾನ್‌ನ ತಲೆ ಬಾಗಿಲ ಕಡೆ ಅರ್ಧ ಹೊರಳಿ ಅಲ್ಲೇ ನಿಂತಿತು. ಜಿನೂ ಸೌಟನ್ನು ಎಡಗೈಗೆ ದಾಟಿಸಿ, ಬಲಗೈ ಚಾಚಿ ಟಿವಿಯ ದನಿಯನ್ನು ಕೊನೆಯವರೆಗೂ ಏರಿಸಿದಳು.